ಏಳುನೂರು ವರ್ಷದ ಹಸಿರೆಲೆ

ಹಳೆಯ ವಸ್ತುಗಳ ವಯಸ್ಸು ಅಳೆಯುವ ಪ್ರಯೋಗಾಲಯದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ ಯಂತ್ರ ತೋರಿಸಿದ ಅಂಕಿಯನ್ನು ಎರಡೆರಡು ಸಲ ಓದಿದಳು. ಯಂತ್ರ ಸರಿಯಿದೆಯೇ ನೋಡಲೆಂದು ಅವಳು ತಂದಿದ್ದ ಟೊಮೆಟೊ ಎಲೆಗೆ ಏಳುನೂರು ವರ್ಷವಂತೆ! ಕಿತ್ತದ್ದು ಹೋದ ವಾರ, ಅಪ್ಪ ಕಲ್ಲಿದ್ದಲು ಸುರಿಯುವ ಬಾಯ್ಲರ್ ಮನೆಯ ಕಿಟಕಿಯಲ್ಲಿ ಬೆಳೆಸಿದ ಗಿಡಗಳಿಂದ.

“ಯಾವುದೋ ಹಳೇ ಕಟ್ಟಿಗೆ ಬೆರೆಸಿದ್ದೀಯಮ್ಮ. ಇನ್ನೊಮ್ಮೆ ಹೀಗಾದ್ರೆ ಕೆಲಸಕ್ಕೆ ಬರ್ಬೇಡ,” ಎಂದರು ಮೇಲಧಿಕಾರಿ.

ಅವಳು ಅಲ್ಲಿಂದಲೇ ಇನ್ನೊಂದು ಎಲೆ ತಂದು ಅವರ ಕಣ್ಣೆದುರೇ ತೊಳೆದು ಪರೀಕ್ಷೆಗಿಟ್ಟಳು. ಮತ್ತೆ ಅದೇ ಏಳುನೂರು. ಅವರು ಗಿಡ ಎಲ್ಲಿಯದೆಂದು ಕೇಳಿ ತಿಳಿದು, “ಚಿಮಣಿ ಎಷ್ಟು ದೂರ?” ಎಂದರು.

“ಕಿಟಕಿ ಪಕ್ಕಾನೇ ಸರ್.”

“ಹಾಗಿದ್ರೆ ತಪ್ಪು ನಿಂದಲ್ಲ.”

ಕೆಲಸ ಉಳಿಯಿತು. ಸಂಜೆ ಅಪ್ಪನಿಗೆ ಬಿಡಿಸಿ ಹೇಳಿದಳು: “ಜೀವ ಇರೋದ್ರಲ್ಲೆಲ್ಲ ಒಂದು ಬಗೆಯ ಇಂಗಾಲ ಇರುತ್ತಪ್ಪ. ಸತ್ತ ಮೇಲೆ ಅದು ಸವೀತಾ ಹೋಗುತ್ತೆ, ನಾವು ವಯಸ್ಸು ಎಣಿಸೋದು ಅದರಿಂದ. ಕಲ್ಲಿದ್ದಲು ಕೋಟ್ಯಂತರ ವರ್ಷದ ಹಿಂದೆ ಸತ್ತ ಕಾಡು; ಅದರಲ್ಲಿ ಒಂಚೂರೂ ಉಳಿದಿಲ್ಲ. ನೀನು ಸುಟ್ಟಿದ್ದು ಗಾಳಿಗೆ ಸೇರ್ತು, ಗಿಡ ಅದನ್ನೂ ಉಂಡಿತು; ಅದಕ್ಕೇ ಹಸಿ ಎಲೇನೂ ಹಳೇದಾಗಿ ಕಾಣ್ತು. ಊರೂರಿನ ಚಿಮಣಿಯಿಂದ ಎದ್ದ ಆ ಕಾಡೇ ಈಗ ಮೇಲೆ ಹರಡ್ಕೊಂಡು, ಭೂಮಿಯ ಶಾಖಾನ ಹೊರಗೆ ಬಿಡ್ತಾ ಇಲ್ಲ.”

ಅಪ್ಪ ನಕ್ಕು, ತಲೆಯಿಂದ ಒಂದು ಕೂದಲು ಕಿತ್ತು ಚಾಚಿದ. “ಇಪ್ಪತ್ತು ವರ್ಷದಿಂದ ಆ ಕಿಟಕಿಯ ಟೊಮೆಟೊ ಹಣ್ಣು ತಿಂದಿದ್ದೀನಿ. ನನ್ನ ವಯಸ್ಸೆಷ್ಟು ನೋಡೇ!”

ಅವಳು ನಗಲಿಲ್ಲ. ಆ ಹಣ್ಣು ಬುಟ್ಟಿಗಟ್ಟಲೆ ಮನೆಗೆ ಬರುತ್ತಿದ್ದುದು ಅವಳಿಗಾಗಿಯೇ. ತನ್ನದೇ ಬಿಸಿಯುಸಿರು ಅಂಗೈಗೆ ತಾಕಿದಾಗ, ಇದು ಯಾವ ಕಾಡಿನದೋ ಎಂದು ಮೈ ಜುಮ್ಮೆಂದಿತು.