ನೀರಿಗೆ ಅಂಜುವ ಸೋರೆಬುರುಡೆ

ನಾನು ಒಂದು ಸೋರೆಬುರುಡೆ. ಈಜು ಕಲಿಯುವ ಮಕ್ಕಳು ಮುಳುಗದಂತೆ ಬೆನ್ನಿಗೆ ಕಟ್ಟುತ್ತಾರಲ್ಲ, ಆ ಒಣಗಿದ ಸೋರೆಕಾಯಿ. ನನ್ನ ಕೆಲಸ ತೇಲುವುದು. ಆದರೆ ನನಗೆ ನೀರೆಂದರೆ ಮೊದಲಿನಿಂದಲೂ ಭಯ.

ಹುಟ್ಟಿದ್ದು ಹುಲಿಗೆವ್ವ ಎಂಬ ಮುದುಕಿಯ ಹಿತ್ತಲಿನಲ್ಲಿ, ತಗಡಿನ ಚಪ್ಪರದ ಅಂಚಿನಲ್ಲಿ. ಒಂದೇ ಬಳ್ಳಿಗೆ ನಾನೂ ನನ್ನ ಅಣ್ಣನೂ ಅಕ್ಕಪಕ್ಕ ಜೋತುಬಿದ್ದಿದ್ದೆವು. ದಿನಾ ಬೆಳಿಗ್ಗೆ ಮುದುಕಿ ಕುಡಗೋಲು ಹಿಡಿದು ಬರುತ್ತಿದ್ದಳು. ಎಳೆಯ ಕಾಯಿಗಳನ್ನು ಬೆರಳಿನಿಂದ ಒತ್ತಿ ನೋಡಿ ಪಲ್ಯಕ್ಕೆ ಕೊಯ್ದುಕೊಂಡು ಹೋಗುತ್ತಿದ್ದಳು. ಅವಳ ನೆರಳು ಬಿದ್ದರೆ ಸಾಕು, ನಾವಿಬ್ಬರೂ ಎಲೆಯ ಹಿಂದೆ ಅಡಗಲು ನೋಡುತ್ತಿದ್ದೆವು. ಬೀಜಕ್ಕೆಂದು ಕೆಲವು ಕಾಯಿಗಳ ಜೊತೆ ನಮ್ಮಿಬ್ಬರನ್ನೂ ಅವಳು ಬಿಟ್ಟಿದ್ದಾಳೆ ಎನ್ನುವುದು ನಮಗೆ ಗೊತ್ತಾದದ್ದು ಬಳ್ಳಿ ಪೂರ್ತಿ ಒಣಗಿದ ಮೇಲೆ.

ಆಗ ಬಂದವನು ಫಕೀರಪ್ಪ. ಅದೇ ಓಣಿಯ ನೇಕಾರ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುವ ಮನೆಯ ಕುಣಿಮಗ್ಗದಲ್ಲಿ ಕುಬಸದ ಖಣ ನೇಯುತ್ತಿದ್ದ. ಅವನ ಮೈಯೆಲ್ಲ ನೂಲಿಗೆ ಹಚ್ಚುವ ಗಂಜಿಯ ವಾಸನೆ.

"ಆಯಿ, ಇವೆರಡೂ ನನಗ ಕೊಡು," ಅಂದ.

"ಬಲತು ಕಟಗಿ ಆಗ್ಯಾವೋ ತಮ್ಮಾ. ಪಲ್ಲೆಕ್ಕ ಬರೂದಿಲ್ಲ."

"ಪಲ್ಲೆಕ್ಕಲ್ಲ ಆಯಿ. ಹುಡುಗೂರ ಬೆನ್ನಿಗೆ ಕಟ್ಟಾಕ."

ಅವನು ನಮ್ಮ ಸಿಪ್ಪೆಯನ್ನು ಹೆಂಚಿನ ಚೂರಿನಿಂದ ಹೆರೆದು ನುಣುಪು ಮಾಡಿದ. ಹರಳೆಣ್ಣೆ ತಿಕ್ಕಿದ. ನೂಲಿನ ಹಗ್ಗದ ಬಲೆ ಹೆಣೆದು ನಮ್ಮಿಬ್ಬರನ್ನೂ ಒಟ್ಟಿಗೆ ಜೋಡಿಸಿದ. ಮಗುವನ್ನು ಸಿಂಗರಿಸುವ ಹಾಗೆ ಮಾಡಿದ ಈ ಕೆಲಸ ಯಾತಕ್ಕೆ ಎಂದು ನನಗೆ ತಿಳಿದದ್ದು ಕಲ್ಬಾವಿಯ ಹತ್ತಿರ ಹೋದಾಗ.

ಕಲ್ಬಾವಿ ಊರಿನ ತುದಿಯಲ್ಲಿ, ಗುಡ್ಡದ ಬುಡದಲ್ಲಿದೆ. ಬಾವಿ ಎಂದು ಹೆಸರು, ಆದರೆ ಸಣ್ಣ ಕೆರೆಯಷ್ಟು ಅಗಲ. ಒಂದು ಮಗ್ಗುಲಿಗೆ ಕಲ್ಲಿನ ಮೆಟ್ಟಿಲುಗಳು ಇಳಿಯುತ್ತ ಇಳಿಯುತ್ತ ನೀರಿನೊಳಗೆ ಹೋಗಿ ಕಾಣದಾಗುತ್ತವೆ. ನೀರು ಹಸಿರು. ತಳ ಯಾರಿಗೂ ಕಂಡಿಲ್ಲ. ಗೋಡೆಯ ಸಂದುಗಳಿಂದ ಪಾರಿವಾಳಗಳು ಪಟಪಟನೆ ಎದ್ದಾಗ ಆ ಸದ್ದು ನೀರಿಗೆ ಬಿದ್ದು ದೊಡ್ಡದಾಗಿ ತಿರುಗಿ ಬರುತ್ತಿತ್ತು. ನನ್ನೊಳಗೆ ಏನೂ ಇಲ್ಲ, ಒಣ ಬೀಜ ಮತ್ತು ಗಾಳಿ. ಹೊರಗೆ ಅಷ್ಟೂ ನೀರು. ನಡುವೆ ಇದ್ದದ್ದು ನನ್ನ ತೆಳು ಸಿಪ್ಪೆ ಮಾತ್ರ. ನೀರು ನಾಲ್ಕೂ ಕಡೆಯಿಂದ ಅದನ್ನು ಒತ್ತುತ್ತಿದ್ದಾಗ ಬೀಜಗಳು ಗಲಗಲ ಅನ್ನುತ್ತಿದ್ದವು. ಮಕ್ಕಳು ಅದನ್ನು ಆಟದ ಸದ್ದು ಎಂದುಕೊಂಡು ನಗುತ್ತಿದ್ದರು. ಅದು ನನ್ನ ನಡುಕವಾಗಿತ್ತು.

ಫಕೀರಪ್ಪ ಎದೆಮಟ್ಟದ ನೀರಿನ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದ. ಮಗುವಿನ ಹೊಟ್ಟೆಯ ಕೆಳಗೆ ಅಂಗೈ ಇಟ್ಟು, "ನಾ ಅದೀನಿ. ನೀ ಕಾಲು ಬಡಿ," ಅನ್ನುತ್ತಿದ್ದ. ಗದರಿದವನಲ್ಲ, ಯಾರನ್ನೂ ಮೇಲಿನಿಂದ ನೂಕಿದವನಲ್ಲ. ಗಂಡು ಹೆಣ್ಣು ಎನ್ನದೆ ಓಣಿಯ ಮಕ್ಕಳೆಲ್ಲ ಅವನ ಅಂಗೈ ಮೇಲೆಯೇ ಈಜು ಕಲಿತರು. ಬಿಸಿಲೇರುವ ಹೊತ್ತಿಗೆ ಅವನು ಒದ್ದೆ ಚಡ್ಡಿಯಲ್ಲೇ ಮನೆಗೆ ಬಂದು ಮಗ್ಗದ ಕುಣಿಯಲ್ಲಿ ಕೂರುತ್ತಿದ್ದ.

ಆ ಮನೆಯಲ್ಲಿ ನನ್ನಷ್ಟೇ ನೀರಿಗೆ ಅಂಜುವವಳು ಒಬ್ಬಳಿದ್ದಳು. ಅವನ ಹೆಂಡತಿ ನೀಲವ್ವ. ತವರಿನಲ್ಲಿ ಅವಳ ಬೆನ್ನಿಗೆ ಹುಟ್ಟಿದ ತಮ್ಮ ತೋಟದ ಬಾವಿಗೆ ಬಿದ್ದು ಸತ್ತಿದ್ದ. ಮದುವೆಯಾಗಿ ಬಂದ ಮೇಲೆ ಅವಳು ಕಲ್ಬಾವಿಯ ಕಡೆ ಒಮ್ಮೆಯೂ ಹೋಗಿರಲಿಲ್ಲ. ಗಂಡ ಬಾವಿಯಿಂದ ಬರುವವರೆಗೆ ಹೊಸ್ತಿಲಲ್ಲೇ ಕುಳಿತಿರುತ್ತಿದ್ದಳು.

ಒಂದು ಬೇಸಿಗೆಯ ಬೆಳಿಗ್ಗೆ ಪಕ್ಕದ ಮನೆಯ ಹಸೀನಾಳ ಬೆನ್ನಿಗೆ ನಮ್ಮಿಬ್ಬರನ್ನೂ ಕಟ್ಟಿದ್ದರು. ಆಗಿನ್ನೂ ಅವಳು ಲಂಗದ ಹುಡುಗಿ, ಬಲು ಚುರುಕು. ಫಕೀರಪ್ಪ ಇನ್ನೊಂದು ಮಗುವಿನ ಕಡೆ ತಿರುಗಿದಾಗ ಮೆಟ್ಟಿಲಿನಿಂದ ಧುಮುಕಿದಳು. ಅಣ್ಣ ಕಲ್ಲಿಗೆ ಬಡಿದ. ಟಪ್ ಎಂದು ಸದ್ದಾಯಿತು. ಅವನೊಳಗೆ ನೀರು ಗಟಗಟನೆ ನುಗ್ಗುವುದು ನನಗೆ ಕೇಳುತ್ತಿತ್ತು. ಅವನ ಭಾರಕ್ಕೆ ಹುಡುಗಿ ಮಗುಚಿಕೊಂಡಳು. ಅವಳ ಮುಖ ನೀರೊಳಗೆ, ನಾನು ಮೇಲೆ. ಎತ್ತಬೇಕೆಂದರೆ ನನಗೆ ಕೈಯಿಲ್ಲ, ಕೂಗಬೇಕೆಂದರೆ ಬಾಯಿಲ್ಲ. ಫಕೀರಪ್ಪ ಹಾರಿ ಬಂದು ಅವಳ ಜಡೆ ಹಿಡಿದು ಎತ್ತಿದ. ಹಸೀನಾ ಕೆಮ್ಮಿದಳು, ಅತ್ತಳು, ಬದುಕಿದಳು. ಅಣ್ಣ ಹರಿದ ಬಲೆಯಿಂದ ಜಾರಿ ತಳಕ್ಕೆ ಹೋದ. ಅವನನ್ನು ಮತ್ತೆ ನಾನು ನೋಡಲಿಲ್ಲ.

ಸುದ್ದಿ ನಮಗಿಂತ ಮೊದಲೇ ಮನೆ ಮುಟ್ಟಿತ್ತು. ನೀಲವ್ವ ಬಾಗಿಲಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಪುಟ್ಟ ಮಗಳು ಶಿವಲೀಲಾ, ಕಂಕುಳಲ್ಲಿ ಕೂಸು ಸಿದ್ಲಿಂಗ.

"ನನ್ನ ತಲಿ ಮುಟ್ಟಿ ಆಣಿ ಮಾಡ್ರಿ," ಅಂದಳು. "ನನ್ನ ಹೊಟ್ಯಾಗ ಹುಟ್ಟಿದ್ದು ಆ ನೀರಿಗೆ ಇಳಿಯೂ ಹಂಗಿಲ್ಲ. ಮಂದಿ ಮಕ್ಕಳಿಗೆ ಏನರ ಕಲಸ್ರಿ. ನನ್ನ ಮಕ್ಕಳು ಬ್ಯಾಡ."

"ನೀಲಾ, ಕಲತರನ ಅಲ್ಲೇನು ಜೀವ ಉಳಿಯೂದು?"

"ಆಣಿ ಮಾಡ್ರಿ!"

ಫಕೀರಪ್ಪ ಅವಳ ತಲೆಯ ಮೇಲೆ ಕೈಯಿಟ್ಟ. "ಆತು," ಅಂದ. ಕೊನೆಯವರೆಗೂ ಅದನ್ನು ಮೀರಲಿಲ್ಲ. ಊರಿಗೆಲ್ಲ ಈಜು ಕಲಿಸಿದವನ ಸ್ವಂತ ಮಕ್ಕಳಿಗೆ ಈಜು ಬರಲಿಲ್ಲ. ಸಿದ್ಲಿಂಗ ಬಾವಿಯ ಕಡೆ ಸುಳಿಯಲೇ ಇಲ್ಲ. ಶಿವಲೀಲಾ ಮಾತ್ರ ಅಪ್ಪನ ಹಿಂದೆ ಬಂದು ಮೇಲಿನ ಮೆಟ್ಟಿಲಲ್ಲಿ ಎಲ್ಲರ ಬಟ್ಟೆ ಕಾಯುತ್ತ ಕೂರುತ್ತಿದ್ದಳು. ಒಂದು ದಿನ ಕೇಳಿದಳು:

"ಅಪ್ಪಾ, ನಾ ಯಾವಾಗ ಇಳೀಲಿ?"

ಅವನು ನನ್ನ ಹಗ್ಗ ಬಿಗಿಯುತ್ತಿದ್ದ. ತಲೆ ಎತ್ತಲಿಲ್ಲ.

"ನಿಮ್ಮವ್ವ ಅಂದಾಗ."

ಅವಳು ಮತ್ತೆಂದೂ ಕೇಳಲಿಲ್ಲ. ವರ್ಷಗಳು ಕಳೆದವು. ಗಾಳಿ ತುಂಬಿದ ರಬ್ಬರ್ ಟ್ಯೂಬುಗಳು ಬಂದವು, ನನ್ನನ್ನು ಮಗ್ಗದ ಕೋಣೆಯ ಮೊಳೆಗೆ ನೇತುಹಾಕಿದರು. ನಿಜ ಹೇಳಬೇಕೆಂದರೆ ನನಗೆ ಜೀವ ಬಂದಂತಾಯಿತು. ಶಿವಲೀಲಾ ಪಕ್ಕದ ಓಣಿಗೆ ಸೊಸೆಯಾಗಿ ಹೋದಳು. ಸಿದ್ಲಿಂಗ ಅಪ್ಪನ ಜೊತೆ ಮಗ್ಗಕ್ಕೆ ಕುಳಿತ.

ಒಂದು ಚಳಿಗಾಲದಲ್ಲಿ, ಲಾಳಿ ಎಸೆದ ಕೈ ಎಸೆದ ಹಾಗೆಯೇ ನಿಂತಿತು. ಫಕೀರಪ್ಪ ಎದೆ ಹಿಡಿದುಕೊಂಡು ಮಗ್ಗದ ಹಾಸುನೂಲಿನ ಮೇಲೆ ಬಾಗಿದ. ಸಿದ್ಲಿಂಗ "ಅಪ್ಪಾ" ಎಂದು ಕುಣಿಗೆ ಇಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೊಳೆಯ ಮೇಲಿಂದ ನಾನು ಎಲ್ಲವನ್ನೂ ನೋಡಿದೆ. ನೀರೇ ಇಲ್ಲದ ಕಡೆಯೂ ಮನುಷ್ಯ ಹೀಗೆ ಮುಳುಗಬಲ್ಲ ಎಂದು ನನಗೆ ಗೊತ್ತಿರಲಿಲ್ಲ. ಅಂದಿನಿಂದ ಗಟ್ಟಿ ನೆಲದ ಮೇಲೂ ನನಗೆ ಧೈರ್ಯವಿಲ್ಲ.

ಮಾತನಾಡಿಸಲು ಬಂದವರು ಮಗ್ಗದ ಕೋಣೆಯಲ್ಲೇ ಕೂರುತ್ತಿದ್ದರು. ಎಲ್ಲರೂ ಬಾವಿಯ ಮಾತೇ ಆಡಿದರು. ಹೊರಪೇಟೆಯ ಒಬ್ಬ ಹೆಂಗಸು ನೀಲವ್ವನ ಕೈ ಹಿಡಿದು, "ಯವ್ವಾ, ಹ್ವಾದ ಮಳಿಗಾಲದಾಗ ನನ್ನ ಮಗ ಹಳ್ಳದಾಗ ಹರದು ಹೊಂಟಿದ್ದ. ನಿಮ್ಮ ಯಜಮಾನ್ರು ಕಲಿಸಿದ್ದಕ್ಕ ದಂಡಿ ಸೇರಿದ. ಇಲ್ಲಾಂದ್ರ ನನಗ ಮಗ ಇರತಿದ್ದಿಲ್ಲ," ಎಂದು ಬಿಕ್ಕಿದಳು. ನೀಲವ್ವ ಅವಳನ್ನು ಸಮಾಧಾನ ಮಾಡಿದಳು. ಆಮೇಲೆ ತನ್ನ ಇಬ್ಬರು ಮಕ್ಕಳನ್ನು ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ತಾನು ಅವರನ್ನು ಕಾಪಾಡಿದ್ದೇನೆ ಎಂದುಕೊಂಡಿದ್ದವಳಿಗೆ ಈಗ ಹೊಸ ಅಂಜಿಕೆ ಹುಟ್ಟಿತ್ತು.

ವರ್ಷದ ಪುಣ್ಯತಿಥಿ ಹತ್ತಿರ ಬಂತು. ಹಸೀನಾ ಈಗ ಊರಿನ ಶಾಲೆಯಲ್ಲಿ ಟೀಚರ್. ಫಕೀರಪ್ಪನ ಹತ್ತಿರ ಕಲಿತವರೆಲ್ಲರ ಪರವಾಗಿ ಅವಳು ಮನೆಗೆ ಬಂದಳು.

"ಕಾಕೂ, ಬಾವಿ ಕಟ್ಟಿ ಮ್ಯಾಲೆ ಕಾಕಾನ ಹೆಸರಿನ ಕಲ್ಲು ನಿಂದ್ರಸೂಣು ಅಂತ ಎಲ್ಲಾರೂ ಅಂದಾರ."

ನೀಲವ್ವ ಕೈಯಲ್ಲಿದ್ದ ನೂಲಿನ ಉಂಡೆಯನ್ನು ಕೆಳಗಿಟ್ಟಳು. ಅಲ್ಲೇ ಶಿವಲೀಲಾ ಇದ್ದಳು, ಸಿದ್ಲಿಂಗನೂ ಇದ್ದ.

"ಕಲ್ಲು ನೀವು ನಿಂದ್ರಸ್ರಿ, ಬ್ಯಾಡ ಅನ್ನೂದಿಲ್ಲ," ಅಂದಳು. "ನಾವು ಮನ್ಯಾವ್ರು ಬ್ಯಾರೆ ಮಾಡೂದೈತಿ. ಆಣಿ ಬಿಟ್ಟೀನಿ. ಹಸೀನಾ, ಇವರಿಬ್ಬರನ್ನೂ ನೀರಿಗೆ ಇಳಸು. ಅವರು ಇದ್ದಾಗ ಅನಬೇಕಿತ್ತು. ಬಾಯಿ ಬರಲಿಲ್ಲ."

ಶಿವಲೀಲಾ ಎದ್ದು ಬಂದು ನನ್ನನ್ನು ಮೊಳೆಯಿಂದ ಇಳಿಸಿದಳು. ರಬ್ಬರ್ ಟ್ಯೂಬು ಸಾಕೆಂದರೂ ಕೇಳಲಿಲ್ಲ. "ಅಪ್ಪ ಕಟ್ಟತಿದ್ದದ್ದ ಬೇಕು ನನಗ," ಅಂದಳು. ಅವಳ ಕೈ ತಣ್ಣಗಿತ್ತು. ನನ್ನ ಬೀಜಗಳು ಆಗಲೇ ಗಲಗಲ ಶುರುಮಾಡಿದ್ದವು.

ಪುಣ್ಯತಿಥಿಯ ಬೆಳಿಗ್ಗೆ ಸಮಾಧಿಗೆ ಹೂವೇರಿಸಿ ನೇರ ಕಲ್ಬಾವಿಗೆ ಹೋದೆವು. ನೀಲವ್ವ ಮೊದಲ ಸಲ ಆ ಮೆಟ್ಟಿಲುಗಳನ್ನು ಕಂಡಳು. ಅರ್ಧ ಇಳಿದು ಗೋಡೆಗೆ ಬೆನ್ನು ಆನಿಸಿ ನಿಂತಳು. ಮುಂದೆ ಕಾಲು ಬರಲಿಲ್ಲ. ನನ್ನ ಹಳೆಯ ನೂಲಿನ ಹಗ್ಗ ಲಡ್ಡಾಗಿ ಹರಿಯುವಂತಿತ್ತೆಂದು ಸಿದ್ಲಿಂಗ ಹೊಸ ನೈಲಾನ್ ಹಗ್ಗದಿಂದ ನನ್ನನ್ನು ಅಕ್ಕನ ಬೆನ್ನಿಗೆ ಕಟ್ಟಿದ. ನೂಲಿನ ಹಗ್ಗ ನೆನೆದರೆ ಉಬ್ಬಿ ಗಂಟು ಬಿಗಿಯಾಗುತ್ತದೆ. ನೈಲಾನು ನೆನೆದರೆ ಜಾರುತ್ತದೆ. ಅದನ್ನು ಹೇಳಬೇಕಾದವನು ಇರಲಿಲ್ಲ.

ಹಸೀನಾ ಎದೆಮಟ್ಟದ ನೀರಿನಲ್ಲಿ ನಿಂತು ಶಿವಲೀಲಾಳ ಹೊಟ್ಟೆಯ ಕೆಳಗೆ ಕೈಯಿಟ್ಟಳು. "ನಾ ಅದೀನಿ. ಕಾಲು ಬಡಿ." ಶಿವಲೀಲಾ ಬಡಿದಳು. ಕೈ ತೆಗೆದರೂ ತೇಲಿದಳು. ಅವಳ ಬಾಯಿಂದ ಒಂದು ಸಣ್ಣ ನಗೆ ಬಂತು. ಇತ್ತ ಸಿದ್ಲಿಂಗ, ಇನ್ನೂ ಸರದಿ ಬಾರದವನು, ಪಾಚಿಯ ಮೇಲೆ ಕಾಲು ಜಾರಿ ಆಳಕ್ಕೆ ಬಿದ್ದ. ಹಸೀನಾ ಅವನ ಕಡೆ ನುಗ್ಗಿದಳು. ಗಾಬರಿಯಲ್ಲಿ ಅವನು ಅವಳ ಕುತ್ತಿಗೆಗೆ ಜೋತುಬಿದ್ದ. ಇಬ್ಬರೂ ಮುಳುಗಿ ಏಳತೊಡಗಿದರು.

ಅದೇ ಹೊತ್ತಿಗೆ ನನ್ನ ಗಂಟು ಬಿಚ್ಚಿತು.

ಹಗ್ಗ ಶಿವಲೀಲಾಳ ಭುಜದಿಂದ ಜಾರಿತು. ನಾನು ಬುಳಕ್ಕನೆ ಮೇಲೆ ಹಾರಿ ಒಂಟಿಯಾಗಿ ತೇಲಿದೆ. ಅವಳು ಕೆಳಗೆ ಹೋದಳು. ಹಸಿರು ನೀರಿನಲ್ಲಿ ಅವಳ ಕೂದಲು ಹರಡಿಕೊಂಡದ್ದು ನನಗೆ ಕಂಡಿತು. ಒಂದು ಕೈ ಮೇಲೆ ಬಂತು, ನನ್ನನ್ನು ತಡವಿತು, ಹಿಡಿತ ಸಿಗದೆ ಮತ್ತೆ ಹೋಯಿತು. ಆ ಬೆರಳುಗಳು ನನ್ನ ಮೈ ಸವರಿದ್ದು ನನಗೆ ಇಂದಿಗೂ ಮರೆತಿಲ್ಲ.

"ಫಕೀರಪ್ಪಾ!"

ಬಾವಿಯೆಲ್ಲ ಗುಡುಗಿತು. ಪಾರಿವಾಳಗಳು ಎದ್ದವು. ಕೂಗಿದವಳು ನೀಲವ್ವ. ಬದುಕಿನಲ್ಲಿ ಒಮ್ಮೆಯೂ ಗಂಡನ ಹೆಸರು ಹಿಡಿದವಳಲ್ಲ. ಕೂಗು ಗೋಡೆಗೆ ಬಡಿದು ತಿರುಗಿ ಬಂತು. ಅವನು ಬರಲಿಲ್ಲ. ಬರುವವರು ಯಾರೂ ಇಲ್ಲ ಎನ್ನುವುದು ಆ ಕ್ಷಣ ಅವಳಿಗೆ ತಿಳಿದಿರಬೇಕು.

ನೀಲವ್ವ ಇಳಿದಳು. ಮೊಣಕಾಲಿಗೆ ನೀರು, ಸೊಂಟಕ್ಕೆ ನೀರು, ಎದೆಗೆ ನೀರು. ಮೆಟ್ಟಿಲ ಅಂಚಿನಲ್ಲಿ ಕಾಲೂರಿ ಸೆರಗು ಬಿಚ್ಚಿ ಬೀಸಿದಳು. "ಹಿಡಿ! ಶಿವೂ, ಹಿಡಿ ಇದನ್ನ! ಕಾಲು ಬಡಿಯೇ ನನ್ನವ್ವಾ, ಕಾಲು ಬಡಿ!" ಮೊದಲ ಸಲ ಸಿಗಲಿಲ್ಲ. ಎರಡನೆಯ ಸಲ ಸೆರಗು ಬಿಗಿಯಾಯಿತು. ನೀಲವ್ವ ಹಿಂದಿನ ಮೆಟ್ಟಿಲ ಮೇಲೆ ಕುಕ್ಕರಿಸಿ, ಮಗ್ಗದ ಹಾಸು ಎಳೆಯುವ ಹಾಗೆ ಕೈಯ ಮೇಲೆ ಕೈ ಹಾಕಿ ಎಳೆದಳು. ಶಿವಲೀಲಾಳ ಮುಖ ಮೇಲೆ ಬಂತು. ಅವಳು ಕಾಲು ಬಡಿಯುತ್ತಿದ್ದಳು. ಅಷ್ಟರಲ್ಲಿ ಹಸೀನಾ ಕುತ್ತಿಗೆ ಬಿಡಿಸಿಕೊಂಡು ಸಿದ್ಲಿಂಗನನ್ನು ಅಂಗಿಯ ಹಿಂಬದಿ ಹಿಡಿದು ದಂಡೆಗೆ ತಂದಿದ್ದಳು.

ನಾಲ್ವರೂ ಮೆಟ್ಟಿಲ ಮೇಲೆ ಒಬ್ಬರಿಗೊಬ್ಬರು ಒರಗಿ ನಡುಗುತ್ತ ಕುಳಿತರು. ಹಸೀನಾ ಅಳುತ್ತಿದ್ದಳು. "ತಪ್ಪಾತು ಕಾಕೂ. ಇಬ್ಬರನ್ನೂ ಒಮ್ಮೆಲೆ ತರಬಾರದಿತ್ತು. ಸಾಕು ಇದು, ಇಲ್ಲಿಗೆ ಬಿಡೂಣು."

ನೀಲವ್ವನ ಹಲ್ಲು ಕಟಕಟ ಅನ್ನುತ್ತಿದ್ದವು. ಮಗಳ ಬೆನ್ನು ಉಜ್ಜುತ್ತ ನನ್ನ ಕಡೆ, ಆ ನೀರಿನ ಕಡೆ ನೋಡಿದಳು.

"ನಾಳಿಗೆ ಬರೂಣು," ಅಂದಳು. "ಒಬ್ಬೊಬ್ಬರ ಇಳೀಲಿ. ನೂಲಿನ ಹಗ್ಗ ನಾನ ಹೊಸೀತೀನಿ."

ಹಸೀನಾ ಈಜಿ ಬಂದು ನನ್ನನ್ನು ದಂಡೆಗೆ ತಂದಳು. ಮರುದಿನ ಮತ್ತೆ ಹೋದೆವು. ಅದರ ಮರುದಿನವೂ ಹೋದೆವು. ಬೇಸಿಗೆ ಮುಗಿಯುವುದರೊಳಗೆ ಶಿವಲೀಲಾ ನನ್ನನ್ನು ಬಿಟ್ಟು ಈ ದಂಡೆಯಿಂದ ಆ ದಂಡೆಗೆ ಹೋಗತೊಡಗಿದಳು. ಸಿದ್ಲಿಂಗ ತಡವಾಗಿ ಕಲಿತ, ಆದರೂ ಕಲಿತ. ನೀಲವ್ವನಿಗೆ ಈಜು ಬರಲೇ ಇಲ್ಲ. ಆದರೆ ಪ್ರತಿ ವರ್ಷ ಪುಣ್ಯತಿಥಿಯ ದಿನ ಅವಳೂ ಇಳಿದು, ಗಂಡ ನಿಲ್ಲುತ್ತಿದ್ದ ಮೆಟ್ಟಿಲ ಮೇಲೆ ಕಣ್ಣು ಮುಚ್ಚಿ ನಿಲ್ಲುತ್ತಾಳೆ.

"ಅಂಜಿಕಿ ಹೋತೇನವ್ವಾ?" ಎಂದು ಒಮ್ಮೆ ಮಗಳು ಕೇಳಿದಳು.

"ಎಲ್ಲಿ ಹೋಗ್ತೈತಿ?" ಎನ್ನುತ್ತ ನೀಲವ್ವ ಸೀರೆ ಹಿಂಡಿದಳು.

ನನಗೀಗ ವಯಸ್ಸಾಗಿದೆ. ಸಿಪ್ಪೆ ಸವೆದು ಬೆಳಕು ಒಳಗೆ ಬರುವಷ್ಟು ತೆಳುವಾಗಿದೆ. ನೀರಿಗೆ ಇಳಿಸಿದರೆ ಒಡೆಯುತ್ತದೆಂದು ಮಗ್ಗದ ಕೋಣೆಯ ಮೂಲೆಯಲ್ಲಿ, ಹಳೆಯ ಖಣದ ತುಂಡಿನ ಮೇಲೆ ಇಟ್ಟಿದ್ದಾರೆ. ಇನ್ನು ಸುಖ ಎಂದುಕೊಂಡಿದ್ದೆ. ಆದರೆ ಇಂದು ಪುಣ್ಯತಿಥಿ, ಎಲ್ಲರೂ ಬಾವಿಗೆ ಹೋಗಿದ್ದಾರೆ. ಮಗ್ಗ ನಿಂತಿದೆ. ನೀರಿನಲ್ಲಿದ್ದಾಗ ಏನಾಗುತ್ತಿದೆ ಎಂದಾದರೂ ಗೊತ್ತಿರುತ್ತಿತ್ತು. ಇಲ್ಲಿ ಅದೂ ಇಲ್ಲ. ಹೊಸ್ತಿಲಲ್ಲಿ ಕುಳಿತು ನೀಲವ್ವ ಅಷ್ಟು ವರ್ಷ ಹೇಗೆ ಕಳೆದಳೋ! ಓಣಿಯಲ್ಲಿ ಯಾರೋ ಓಡಿದರೂ ನನ್ನ ಬೀಜಗಳು ಅಲುಗುತ್ತವೆ.

ಈಗ ಒದ್ದೆ ಕಾಲಿನ ಸದ್ದು ಬರುತ್ತಿದೆ. ಸಿದ್ಲಿಂಗನ ಕೆಮ್ಮು. ಶಿವಲೀಲಾಳ ಮಾತು. ಇನ್ನೊಂದು ದನಿ ಬರಬೇಕು. ಇನ್ನೂ ಬಂದಿಲ್ಲ. ಇನ್ನೂ ಇಲ್ಲ.

"ಯವ್ವಾ, ಏನ್ ಥಂಡಿ ಅದಾವ ನೀರು!" ಎಂದು ನೀಲವ್ವ ಒಳಗೆ ಬಂದಳು.