ಪುಟ್ಟಿಯ ನಾಲ್ಕು ಪಂದ್ಯ

ಮಾತು ಕೊಟ್ಟು ಕೈಕೊಡುವವರನ್ನು ಕಂಡರೆ ಉರಿದು ಬೀಳುತ್ತಿದ್ದ ಚಿಕ್ಕಮ್ಮ ಈಗ ತಾನೂ ಆ ಸಾಲಿಗೆ ಸೇರಿದ್ದಳು. ಅದೂ ಒಂದಲ್ಲ, ಎರಡು ಸಲ. ಪುಟ್ಟಿಯ ವಾಲಿಬಾಲ್ ಪಂದ್ಯ ನೋಡಲು ಬಂದೇ ಬರುತ್ತೇನೆ ಎಂದು ಗಲ್ಲ ಹಿಡಿದು ಹೇಳಿ, ಮೊದಲ ಸಲ ದಿನವನ್ನೇ ಮರೆತಳು. ಎರಡನೆಯ ಸಲ ವಾರ ತಪ್ಪು ತಿಳಿದು, ನರಪಿಳ್ಳೆಯಿಲ್ಲದ ಮೈದಾನದಲ್ಲಿ ಒಂದು ಗಂಟೆ ನಿಂತು ವಾಪಸಾದಳು.

ಪುಟ್ಟಿ ಅವಳ ಅಕ್ಕನ ಮಗಳು. ಅಕ್ಕ ತೀರಿಕೊಂಡು ಎರಡು ವರ್ಷವಾಗಿತ್ತು, ಅಂದಿನಿಂದ ಹುಡುಗಿ ಚಿಕ್ಕಮ್ಮನ ಮನೆಯಲ್ಲೇ ಇದ್ದಳು. ಈಗ ಅವಳಿಗೆ ಹದಿಮೂರು. ಹೇಳಿದ ಮಾತು ಕೇಳುತ್ತಾಳೆ, ತಟ್ಟೆ ತೊಳೆದಿಡುತ್ತಾಳೆ, ಏನು ಕೊಡಿಸಿದರೂ ಥ್ಯಾಂಕ್ಸ್ ಎನ್ನುತ್ತಾಳೆ. ಆ ಥ್ಯಾಂಕ್ಸ್ ಚಿಕ್ಕಮ್ಮನಿಗೆ ಹಿಡಿಸುತ್ತಿರಲಿಲ್ಲ. ಅಯ್ಯೋ, ತನ್ನ ಮನೆಯಲ್ಲಿ ತಾನು ಇರುವ ಯಾವ ಮಗು ಇಷ್ಟೊಂದು ಥ್ಯಾಂಕ್ಸ್ ಹೇಳೀತು! ನೆಂಟರ ಮನೆಗೆ ಬಂದವರ ಹಾಗೆ ಎಷ್ಟು ದಿನ ಇರುತ್ತಾಳೆ ಇವಳು? ಈಚೆಗಂತೂ ಪಂದ್ಯದ ಸುದ್ದಿಯನ್ನೇ ಎತ್ತುತ್ತಿರಲಿಲ್ಲ.

"ಆಟ ಯಾವತ್ತೇ ಪುಟ್ಟಿ?"

"ಗೊತ್ತಿಲ್ಲ ಚಿಕ್ಕಮ್ಮ. ನೀನು ಬರೋದೇನೂ ಬೇಡ, ಸುಮ್ನೆ ನಿನ್ನ ಕೆಲಸ ಕೆಡುತ್ತೆ."

ನನ್ನ ಮೇಲೆ ನಂಬಿಕೆ ಹೋಯಿತು, ಇನ್ನೇನು, ಎಂದುಕೊಂಡಳು ಚಿಕ್ಕಮ್ಮ. ಮೂರನೇ ಸಲವೂ ತಪ್ಪಿದರೆ ಈ ಹುಡುಗಿ ತನ್ನನ್ನು ಯಾವತ್ತೂ ತನ್ನವಳು ಅಂದುಕೊಳ್ಳುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗಿಬಿಟ್ಟಿತು. ಮರುದಿನವೇ ಶಾಲೆಗೆ ಹೋಗಿ, ಸೂಚನಾ ಫಲಕದಲ್ಲಿದ್ದ ಪಂದ್ಯಗಳ ಪಟ್ಟಿಯ ಫೋಟೋ ಹೊಡೆದುಕೊಂಡು ಬಂದಳು. ನಾಲ್ಕು ಶನಿವಾರ, ನಾಲ್ಕು ಪಂದ್ಯ.

ಅವಳ ಕೆಲಸ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ. ಒಗೆದ ಹಾಸಿಗೆ ಬಟ್ಟೆಗಳನ್ನು ಬಿಸಿ ರೋಲರಿಗೆ ಒಡ್ಡುವುದು. ಅಲ್ಲಿನ ಹನ್ನೊಂದು ಮಂದಿಗೂ ಸೇರಿ ಫೋನಿನಲ್ಲಿ ಒಂದು ಕ್ಯಾಲೆಂಡರ್ ಇತ್ತು. ಯಾರಿಗಾದರೂ ರಜೆ ಬೇಕಾದರೆ ಬಾಯಿಬಿಟ್ಟು ಕೇಳುವ ಪದ್ಧತಿ ಇರಲಿಲ್ಲ. ಆ ದಿನದ ಮೇಲೆ ಕಾರಣ ಬರೆದರೆ ಮುಗಿಯಿತು. ಬಿಡುವಿದ್ದವರು ಅದರ ಕೆಳಗೆ ತಮ್ಮ ಹೆಸರು ಬರೆದು ಪಾಳಿಯನ್ನು ತಾವು ವಹಿಸಿಕೊಳ್ಳುತ್ತಿದ್ದರು. ಚಿಕ್ಕಮ್ಮ ಮಾತ್ರ ಅದರ ತಂಟೆಗೆ ಹೋದವಳಲ್ಲ. ತನ್ನ ಪಾಳಿ ಯಾವಾಗ ಎಂಬುದನ್ನು ಹರಿದ ಬಟ್ಟೆ ಹೊಲಿದು ಗುಂಡಿ ಹಾಕುವ ಗುಂಡಿಯಕ್ಕನನ್ನೇ ಕೇಳಿ ತಿಳಿದುಕೊಳ್ಳುತ್ತಿದ್ದಳು.

ಈಗ ಊಟದ ಬಿಡುವಿನಲ್ಲಿ ಖಾಲಿ ಬುಟ್ಟಿಯೊಂದನ್ನು ಬೋರಲು ಹಾಕಿ ಕೂತು, ಒಂದೊಂದೇ ಪಂದ್ಯವನ್ನು ಫೋನಿಗೆ ಏರಿಸಿದಳು. ಯಾವ ಕ್ಯಾಲೆಂಡರ್ ಎಂದು ಅದು ಕೇಳಿತು. ನೀಲಿ ಒಂದಿತ್ತು, ಹಸಿರು ಒಂದಿತ್ತು. ಹಸಿರು ಕಣ್ಣಿಗೆ ತಂಪು ಎಂದು ಅದನ್ನೇ ಒತ್ತಿದಳು. ವಿಷಯ ಬರೆಯುವ ಜಾಗದಲ್ಲಿ ತನ್ನನ್ನು ತಾನೇ ಚೆನ್ನಾಗಿ ಉಗಿದುಕೊಂಡಳು: 'ಪುಟ್ಟಿ ಆಟ, ನಾಲ್ಕು ಗಂಟೆ, ಶಾಲೆ ಮೈದಾನ. ಹೋಗಲೇಬೇಕು. ಈ ಸಲ ತಪ್ಪಿಸಿದರೆ ನಿನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ.' ಒಂದು ಗಂಟೆ ಮೊದಲೇ ಕೂಗಿ ಎಬ್ಬಿಸು ಎಂದೂ ಫೋನಿಗೆ ಅಪ್ಪಣೆ ಕೊಟ್ಟಳು.

ಶನಿವಾರ ಮೂರು ಗಂಟೆ, ಪಾಳಿ ಬದಲಾಗುವ ಹೊತ್ತು. ಹೋಗುವವರು, ಬರುವವರು ಎಲ್ಲರೂ ಅಲ್ಲೇ ಇದ್ದರು. ಸೂಪರ್‌ವೈಸರ್ ಹತ್ತಿರ ಎರಡು ಗಂಟೆ ಬಿಡುವು ಕೇಳುವುದು ಹೇಗೆ ಎಂದು ಚಿಕ್ಕಮ್ಮ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಅವಳ ಫೋನು ಕೂಗಿತು. ಜೊತೆಗೆ ಇನ್ನೂ ಹತ್ತು ಫೋನು ಕೂಗಿದವು.

ಒಗೆಯುವ ಯಂತ್ರ ನೋಡಿಕೊಳ್ಳುವ ಸೋಪಣ್ಣ ತನ್ನ ಫೋನು ತೆಗೆದು ಗಟ್ಟಿಯಾಗಿ ಓದಿದ. ಓದಿ ಮುಗಿಸಿ, "ಅಲ್ಲ ತಾಯಿ, ನಾನೇನು ಪಾಪ ಮಾಡ್ದೆ? ನನ್ನ ಜನ್ಮಕ್ಕೆ ಯಾಕೆ ಬೆಂಕಿ ಹಾಕ್ತೀಯ?" ಎಂದ.

"ನನ್ನ ಜನ್ಮಕ್ಕೂ ಹಾಕಿದಾಳೆ ನೋಡು," ಎಂದಳು ಗುಂಡಿಯಕ್ಕ.

ಚಿಕ್ಕಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. "ಅಯ್ಯಯ್ಯೋ, ಅದು ನನಗೆ ನಾನೇ ಬೈಕೊಂಡಿದ್ದು ಕಣ್ರಪ್ಪಾ!"

"ಅದೆಲ್ಲ ಇರ್ಲಿ, ನೀನಿನ್ನೂ ಇಲ್ಲೇ ಯಾಕಿದೀಯ?" ಗುಂಡಿಯಕ್ಕ ಅವಳ ಏಪ್ರನ್ ಬಿಚ್ಚಿ ತಾನು ಕಟ್ಟಿಕೊಂಡಳು. "ನಾಲ್ಕು ಶನಿವಾರದ ಕೆಳಗೂ ನನ್ನ ಹೆಸರು ಬರೆದು ಎಷ್ಟು ದಿನ ಆಯ್ತು. ತೆಗೆದು ನೋಡಿದ್ರೆ ತಾನೇ! ಹೋಗು ಮಾರಾಯ್ತಿ."

ಸೂಪರ್‌ವೈಸರ್ ನಕ್ಕಿದ್ದನ್ನು ಆ ವಿಭಾಗದಲ್ಲಿ ಯಾರೂ ಕಂಡಿರಲಿಲ್ಲ. ಅವರು ಕನ್ನಡಕ ಏರಿಸಿ, "ಹೋಗಲೇಬೇಕು ಅಂತ ಬರೆದಿದೆ. ನಮ್ಮ ಪಾಳಿ ಮುಗೀತು. ನಡೀರಿ," ಎಂದರು. ತಮಾಷೆಯೋ ನಿಜವೋ ತಿಳಿಯದೆ ಸೋಪಣ್ಣ ಹೊರಟ. ಬಟ್ಟೆ ಮಡಿಸುವ ಇಬ್ಬರು ಹೆಂಗಸರೂ ಹೊರಟರು. ಹೀಗೆ ಐದು ಜನ, ಮೈಯೆಲ್ಲ ಸೋಪಿನ ವಾಸನೆ ಹೊತ್ತು ಮೈದಾನ ಸೇರಿದರು.

ಆಟ ಶುರುವಾಗಿತ್ತು. ಅಂಕಣದಲ್ಲಿದ್ದ ಆರು ಹುಡುಗಿಯರನ್ನು ಚಿಕ್ಕಮ್ಮ ಎರಡೆರಡು ಸಲ ಎಣಿಸಿದಳು. ಅವರಲ್ಲಿ ಪುಟ್ಟಿ ಇರಲಿಲ್ಲ.

"ನಮ್ಮ ಹುಡುಗಿ ಎಲ್ಲಮ್ಮಾ?" ಎಂದ ಸೋಪಣ್ಣ.

ಆಚೆ ಬದಿಯ ಬೆಂಚಿನ ತುದಿಯಲ್ಲಿ ಪುಟ್ಟಿ ಕೂತಿದ್ದಳು. ಮಡಿಲಲ್ಲಿ ಟವೆಲ್ಲುಗಳ ರಾಶಿ, ಕಾಲ ಬಳಿ ನೀರಿನ ಬಾಟಲಿಗಳು. ಅವಳೂ ಇವರನ್ನು ಕಂಡಳು. ಕಂಡವಳೇ ಕೆಂಪಗಾಗಿ ತಲೆ ತಗ್ಗಿಸಿದಳು. ಬರಬೇಡ ಎಂದಿದ್ದು ಯಾಕೆ ಎಂದು ಚಿಕ್ಕಮ್ಮನಿಗೆ ಆಗ ಹೊಳೆಯಿತು. ಕೂಸು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಎಷ್ಟು ದಿನ ಒದ್ದಾಡಿತೋ! ನಾನೋ, ನಂಬಿಕೆ ಗಿಂಬಿಕೆ ಅಂತ ನನ್ನ ಚಿಂತೆಯಲ್ಲೇ ಮುಳುಗಿದ್ದೆ. ಈಗ ಇಲ್ಲಿರುವುದೋ, ಹೊರಟುಹೋಗುವುದೋ? ಎರಡೂ ತಪ್ಪೇ ಅನಿಸಿತು.

"ಇಲ್ಲಿಂದ ಕಾಣಲ್ಲ. ಆ ಕಡೆ ಹೋಗೋಣ," ಎಂದರು ಸೂಪರ್‌ವೈಸರ್.

ಐವರೂ ಮೈದಾನ ಸುತ್ತಿ ಬಂದು ಬೆಂಚಿನ ಹಿಂದೆ ಹುಲ್ಲಿನ ಮೇಲೆ ಕೂತರು. ಅಂಕಣ ಅಲ್ಲಿಂದ ಅರ್ಧವೂ ಕಾಣುತ್ತಿರಲಿಲ್ಲ, ಪುಟ್ಟಿಯ ಬೆನ್ನು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಅವಳು ಸುಮ್ಮನೆ ಕೂರುವವಳಲ್ಲ ಎಂದು ಸ್ವಲ್ಪ ಹೊತ್ತಿಗೇ ತಿಳಿಯಿತು. ಎದುರಾಳಿ ಕೈ ಎತ್ತುವ ಮೊದಲೇ "ಎಡಕ್ಕೆ, ಎಡಕ್ಕೆ!" ಎಂದು ಕೂಗುತ್ತಿದ್ದಳು. ಬಿದ್ದವಳಿಗೆ ಓಡಿ ನೀರು ಕೊಡುತ್ತಿದ್ದಳು. ಒದ್ದೆ ಟವೆಲ್ಲು ಬೇರೆ ಇಟ್ಟು, ಒಣಗಿದ್ದನ್ನು ಮಡಿಸುತ್ತಿದ್ದಳು.

"ಮೂಲೆಗೆ ಮೂಲೆ ಕೂಡಿಸ್ತಾಳೆ ನೋಡಿ," ಎಂದರು ಸೂಪರ್‌ವೈಸರ್ ಮೆಚ್ಚುಗೆಯಿಂದ. ಮಡಿಸುವ ಹೆಂಗಸರು ಮುಖ ಮುಖ ನೋಡಿಕೊಂಡರು. ಹನ್ನೆರಡು ವರ್ಷದಲ್ಲಿ ಅವರಿಗೆ ಆ ಮಾತು ಸಿಕ್ಕಿರಲಿಲ್ಲ.

ಪುಟ್ಟಿಯ ಕಡೆಯವರು ಸೋತರು. ಎಲ್ಲರೂ ಚದುರಿದ ಮೇಲೆ ಅವಳು ದುಮುಗುಡುತ್ತ ನಡೆದು ಬಂದಳು.

"ಯಾಕೆ ಬಂದೆ ನೀನು? ಬರಬೇಡ ಅಂದಿರ್ಲಿಲ್ವಾ? ಊರೋರನ್ನೆಲ್ಲ ಬೇರೆ ಕಟ್ಕೊಂಡು ಬಂದಿದೀಯ! ನಾನು ಆಡೋದೇ ಇಲ್ಲ ಚಿಕ್ಕಮ್ಮ. ಒಂದು ವರ್ಷದಿಂದ ಬೆಂಚೇ ಕಾಯ್ತಿದೀನಿ. ಈಗ ನೋಡಿದ್ಯಲ್ಲ, ಸಮಾಧಾನ ಆಯ್ತಾ?"

ಎರಡು ವರ್ಷದಲ್ಲಿ ಅವಳು ದನಿ ಏರಿಸಿದ್ದು ಇದೇ ಮೊದಲು. ಚಿಕ್ಕಮ್ಮನಿಗೆ ಅಳುವೂ ಬಂತು, ಹಾಲು ಕುಡಿದಷ್ಟು ಸಂತೋಷವೂ ಆಯಿತು.

"ಬೈಯಿ, ಇನ್ನೂ ಬೈಯಿ. ಆಟ ನನಗೇನು ತಿಳಿಯುತ್ತೆ ಕಣೇ? ನಿನ್ನ ನೋಡೋಕೆ ಬಂದೆ. ಕಣ್ತುಂಬ ನೋಡಿದೆ."

ಪುಟ್ಟಿ ಮೂಗು ಒರೆಸಿಕೊಂಡಳು. "ಇವರೆಲ್ಲ ಯಾಕೆ ಬಂದ್ರು?"

ಚಿಕ್ಕಮ್ಮ ಫೋನು ಕೊಟ್ಟಳು. ಪುಟ್ಟಿ ಓದಿದಳು. ಬೆಂಕಿ ಹಾಕುವ ಸಾಲಿಗೆ ಬಂದಾಗ ಅಳು ಮರೆತು ಫಕ್ಕನೆ ನಕ್ಕಳು. "ಅಯ್ಯೋ ಪೆದ್ದು ಚಿಕ್ಕಮ್ಮ, ಎಲ್ಲರ ಕ್ಯಾಲೆಂಡರಲ್ಲಿ ಹಾಕಿದೀಯ ಇದನ್ನ!"

"ಅಳಿಸಿಬಿಡಮ್ಮ. ಮಾನ ಹೋಯ್ತು."

ಪುಟ್ಟಿ ಹುಲ್ಲಿನ ಮೇಲೆ ಕೂತು ಬಹಳ ಹೊತ್ತು ಏನೋ ಒತ್ತಿದಳು. ಫೋನು ವಾಪಸು ಕೈಗೆ ಬಂದಾಗ ಚಿಕ್ಕಮ್ಮನಿಗೆ ಕಣ್ಣು ಮಂಜಾಗಿ ಅಕ್ಷರ ಕೂಡಲಿಲ್ಲ. ಗೇಟಿನ ಬಳಿ ಕಾಯುತ್ತಿದ್ದ ಸೂಪರ್‌ವೈಸರ್ ಅದೇ ಹೊತ್ತಿಗೆ ಕೂಗಿದ ತಮ್ಮ ಫೋನು ತೆಗೆದು, ಕನ್ನಡಕ ಏರಿಸಿ, ಪಾಳಿಯ ಪಟ್ಟಿ ಓದುವ ದನಿಯಲ್ಲೇ ಎಲ್ಲರಿಗೂ ಕೇಳುವಂತೆ ಓದಿದರು:

"ಮುಂದಿನ ಶನಿವಾರ, ನಾಲ್ಕು ಗಂಟೆ. ಪುಟ್ಟಿ ಆಡಲ್ಲ. ಆದರೂ ಬನ್ನಿ."