ಸಾವಂತ್ರವ್ವ ಸುಮ್ಮನೆ ನಡೆದದ್ದು

ಪುಣೆಯ ಶುಕ್ರವಾರ ಪೇಟೆಯ ಸಾವಂತ್ರವ್ವನ ಖಾನಾವಳಿಗೆ ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಊಟದ ಹೊತ್ತಿಗೆ ಓಣಿಯ ತಿರುವಿನಲ್ಲಿ ನಿಂತರೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಆ ಸಪ್ಪಳದ ಬೆನ್ನು ಹತ್ತಿ ಹೋದವನು ನೆಟ್ಟಗೆ ಅವಳ ಪಡಸಾಲೆಗೇ ಬಂದು ಮುಟ್ಟುತ್ತಿದ್ದ. ಬಾಗಲಕೋಟೆ, ಜಮಖಂಡಿ ಕಡೆಯಿಂದ ಪುಣೆಗೆ ಬಂದು ಅಂಗಡಿ ಇಟ್ಟವರು, ಕ್ಯಾಂಪಿನ ಮಿಲಿಟರಿ ಕಚೇರಿಯಲ್ಲಿ ಇಂಗ್ಲಿಷ್ ಸಾಹೇಬರ ಕೈಕೆಳಗೆ ದುಡಿಯುವ ಕಾರಕೂನರು, ಹೆಂಡತಿಯನ್ನು ಊರಲ್ಲಿ ಬಿಟ್ಟು ಬಂದವರು, ಹೆಂಡತಿಯೇ ಇನ್ನೂ ಸಿಗದವರು, ಎಲ್ಲರೂ ಅಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಉಂಡವರೇ. ಅವಳ ರೊಟ್ಟಿ ಎತ್ತಿ ಹಿಡಿದರೆ ಆಚೆ ಬದಿಯ ದೀಪ ಕಾಣುತ್ತದೆ ಎಂದು ಅವರು ಹೇಳಿಕೊಂಡು ತಿರುಗುತ್ತಿದ್ದರು. ಶುದ್ಧ ಸುಳ್ಳು. ಆದರೆ ಹೊಟ್ಟೆ ತುಂಬಿದವನ ಜೊತೆ ಯಾರು ವಾದಿಸುತ್ತಾರೆ?

ಗಂಡ ತೀರಿಕೊಂಡಾಗ ತಮ್ಮ ಕಾಡಪ್ಪ ರಬಕವಿಯಿಂದ ಓಡಿ ಬಂದು, ಊರಿಗೆ ನಡಿ ಎಂದು ಗೋಗರೆದಿದ್ದ. ಕೆಟ್ಟು ಪಟ್ಟಣ ಸೇರು ಅಂದಿದ್ದಾರೆ ಹಿರಿಯರು, ಕೆಟ್ಟು ತವರು ಸೇರು ಅಂದಿಲ್ಲ ಎಂದು ಸಾವಂತ್ರವ್ವ ಅವನನ್ನು ವಾಪಸು ಕಳಿಸಿದ್ದಳು. ಗಂಡನ ತಂಗಿ, ಹಿಂದುಮುಂದಿಲ್ಲದ ಭೀಮವ್ವನನ್ನು ಜೊತೆಗಿಟ್ಟುಕೊಂಡು ಒಲೆ ಹೂಡಿದ್ದಳು. ಆ ಒಲೆಯ ಮುಂದೆ ಅವಳು ಯಾರ ಹಂಗಿನಲ್ಲೂ ಇರಲಿಲ್ಲ. ಆ ಸುಖ ಎಂಥದೆಂದು ಅವಳಿಗೇ ಗೊತ್ತು.

ಅಂಥ ಕೈ ಒಂದು ವರ್ಷ ಸತ್ತುಹೋಯಿತು. ಮೊದಲು ಬಂದದ್ದು ಮಳೆಗಾಲದ ಚಳಿಜ್ವರ. ಪೇಟೆಯ ಅಪ್ಪಾಸಾಹೇಬ ಡಾಕ್ಟರರು ಕಹಿ ಕ್ವಿನೈನ್ ಕುಡಿಸಿ ಜ್ವರ ಬಿಡಿಸಿದರು. ಸೊರಗಿದ ಮೈಗೆ ರಕ್ತ ತುಂಬಲೆಂದು ಆಮೇಲೆ ಸಣ್ಣ ಸೀಸೆಯಲ್ಲಿ ಹನಿ ಔಷಧ ಕೊಟ್ಟರು. ಉಂಡ ಮೇಲೆ ಹನಿ ಎಣಿಸಿ ನೀರಿಗೆ ಹಾಕಿ ಕುಡಿಯಬೇಕು, ಸೀಸೆ ಮುಗಿದೊಡನೆ ಬಂದು ಮೋರೆ ತೋರಿಸಬೇಕು ಎಂದರು. ಸಾವಂತ್ರವ್ವ ಹಾಸಿಗೆ ಹಿಡಿದಿದ್ದಳು. ಔಷಧ ಹಾಕುವುದು ಭೀಮವ್ವನ ಪಾಲಿಗೆ ಬಂತು. ಸೀಸೆ ಮುಗಿದಾಗ ಮೋರೆ ತೋರಿಸಲು ಯಾರೂ ಹೋಗಲಿಲ್ಲ. ಭೀಮವ್ವ ಖಾಲಿ ಸೀಸೆಯನ್ನೇ ಕಂಪೌಂಡರನಿಗೆ ತೋರಿಸಿ ತುಂಬಿಸಿಕೊಂಡು ಬಂದಳು. ಅತ್ತಿಗೆಯ ಕೆನ್ನೆಗೆ ಕೆಂಪು ಏರಿತ್ತು, ಇನ್ನೇನು ಬೇಕು? ದೀಪಾವಳಿ ದಾಟಿದರೂ ಸೀಸೆಗಳು ಬರುತ್ತಲೇ ಇದ್ದವು.

ಆಗ ಬೆರಳ ತುದಿಗಳಲ್ಲಿ ಇರುವೆ ಹರಿದಂತಾಗತೊಡಗಿತು. ಕೆಲವು ದಿನಕ್ಕೆ ಆ ಇರುವೆಗಳೂ ಸತ್ತು, ಬೆರಳು ತನ್ನದೋ ಪರರದೋ ತಿಳಿಯದಾಯಿತು. ಪಾದಗಳಿಗೂ ಅದೇ ಗತಿ. ನೆಲದ ಮೇಲೆ ನಡೆದರೆ ಹತ್ತಿಯ ರಾಶಿಯ ಮೇಲೆ ನಡೆದಂತೆ. ಕಣ್ಣಿಂದ ನೋಡಿಕೊಂಡು ಕಾಲಿಟ್ಟರೆ ಸರಿ, ಕತ್ತು ಎತ್ತಿದಳೋ, ವಾಲಿ ಗೋಡೆ ಹಿಡಿಯಬೇಕು. ರೊಟ್ಟಿಯಂತೂ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು, ಎತ್ತಿದರೆ ಎರಡು ಹೋಳು. ಹಿಟ್ಟು ಎಲ್ಲಿ ತೆಳುವಾಯಿತೆಂದು ಅಂಗೈಗೆ ತಿಳಿದರೆ ತಾನೆ?

ಅಪ್ಪಾಸಾಹೇಬರು ಅವಳ ಬೆರಳು ಚಿವುಟಿ ನೋಡಿದರು, ಅಂಗಾಲಿಗೆ ಗರಿ ಆಡಿಸಿದರು. ಸೀಸೆಗಳ ಸಂಗತಿ ಕೇಳಿ ಅವರ ಮೋರೆ ಕಪ್ಪಿಟ್ಟಿತು. ಕಂಪೌಂಡರನನ್ನು ಕರೆದು ಅವನ ಏಳು ತಲೆಮಾರನ್ನೂ ಮರಾಠಿಯಲ್ಲಿ ವಿಚಾರಿಸಿದರು. ಆಮೇಲೆ ಭೀಮವ್ವನ ಕಡೆ ತಿರುಗಿ, ಇಷ್ಟು ಬೇಗ ಬೇಗ ಸೀಸೆ ಹೇಗೆ ತೀರಿತು ಎಂದು ಕೇಳಿದರು.

ಭೀಮವ್ವ ಸೆರಗು ಸರಿಮಾಡಿಕೊಂಡು ಹೆಮ್ಮೆಯಿಂದಲೇ ಹೇಳಿದಳು: "ನೀವು ಹೇಳಿದಷ್ಟ ಹಾಕೀನ್ರಿ. ಮ್ಯಾಲೆ ಇನ್ನೊಂದು ಸಲ ಹಾಕೀನಿ. ನಮ್ಮ ಮನ್ಯಾಗ ಒಂದ ಸಲ ಬಡಿಸಿ ಕೈ ತೊಳಕೊಳ್ಳೂ ಪದ್ಧತಿ ಇಲ್ರಿ. ಮತ್ತೊಮ್ಮೆ ಬಡಸಲಿಲ್ಲಂದ್ರ ಉಂಡವರಿಗೆ ಅವಮಾನ."

ಡಾಕ್ಟರರಿಗೆ ಕನ್ನಡ ಅಷ್ಟಕ್ಕಷ್ಟೆ. ಸಾವಂತ್ರವ್ವನೇ ಮರಾಠಿಯಲ್ಲಿ ಬಿಡಿಸಿ ಹೇಳಬೇಕಾಯಿತು. ಹೇಳುತ್ತ ಹೇಳುತ್ತ ಅವಳ ದನಿ ಇಳಿಯಿತು. ಆ ಪದ್ಧತಿಯನ್ನು ಭೀಮವ್ವನ ತಲೆಗೆ ತುಂಬಿದವಳು ತಾನೇ. ಯಾರ ತಾಟಿಗೂ ಒಂದೇ ರೊಟ್ಟಿ ಹಾಕಿ ಬಿಡಬೇಡ ಎಂದು ಬೈದು, ಗದರಿಸಿ, ಒಮ್ಮೆ ಕೈಮೇಲೆ ಹೊಡೆದೂ ಕಲಿಸಿದ್ದಳು. ಈಗ ಸಿಟ್ಟು ಮಾಡಬೇಕೆಂದರೆ ಯಾರ ಮೇಲೆ ಮಾಡುವುದು?

ಆ ಹನಿಯಲ್ಲಿ ಎಳ್ಳಿನಷ್ಟು ಪಾಷಾಣ ಇರುತ್ತದೆ, ಅಳತೆಯಲ್ಲಿದ್ದರೆ ಮದ್ದು, ಮೀರಿದರೆ ನರ ಸುಡುತ್ತದೆ ಎಂದು ಡಾಕ್ಟರರು ತಿಳಿಸಿದರು. ಭೀಮವ್ವ ಅಲ್ಲೇ ಕುಸಿದು ಕೂತು ಬಾಯಿಗೆ ಸೆರಗು ತುರುಕಿಕೊಂಡಳು.

"ಹಂಗಾದ್ರ ಇದಕ್ಕ ಬ್ಯಾರೆ ಔಷಧ ಕೊಡ್ರಿ," ಎಂದಳು ಸಾವಂತ್ರವ್ವ.

"ಔಷಧ? ಆತಾ ನಕೋ, ಸಾವಂತ್ರಾಬಾಯಿ!" ಎಂದು ಡಾಕ್ಟರರು ಎರಡೂ ಕೈ ಎತ್ತಿದರು. ಈಗ ಔಷಧವೇ ಬೇಡ, ವಿಷ ತಾನಾಗಿ ಇಳಿಯುತ್ತದೆ. ಸುಟ್ಟ ನರ ಚಿಗುರಬೇಕಾದರೆ ಒಳ್ಳೆ ಅನ್ನ ಬೇಕು, ದಣಿವಾಗುವಷ್ಟು ನಡಿಗೆ ಬೇಕು, ಬೆರಳಿಗೆ ಕೆಲಸ ಬೇಕು, ತಿಂಗಳುಗಟ್ಟಲೆ ತಾಳ್ಮೆ ಬೇಕು. ಪೂರ್ತಿ ಬರುತ್ತದೆಂದು ಮಾತು ಕೊಡಲಾರೆ, ಬಂದರೆ ಇದರಿಂದಲೇ ಬರಬೇಕು ಎಂದರು. ಡಾಕ್ಟರರ ಮನೆಯಿಂದ ಬರಿಗೈಯಲ್ಲಿ ಹೊರಬೀಳುವಾಗ ಸಾವಂತ್ರವ್ವನಿಗೆ ಮೋಸಹೋದಂತಾಯಿತು. ಸೀಸೆ ಇಲ್ಲ, ಪುಡಿ ಇಲ್ಲ. ಹೊಟ್ಟೆಗೆ ತಿನ್ನು, ಕಾಲಿಂದ ನಡೆ ಅನ್ನುವುದಕ್ಕೆ ಇಷ್ಟು ಓದಬೇಕೇ?

ಸುದ್ದಿ ತಿಳಿದು ಕಾಡಪ್ಪ ಬಂದ. ನೂಲಿನ ವ್ಯಾಪಾರದಲ್ಲಿ ಕೂತು ಕೂತು ಗುಡಾಣದಂತಾಗಿದ್ದ ಅವನು ಅಕ್ಕನ ಸತ್ತ ಬೆರಳುಗಳನ್ನು ಹಿಡಿದು ಅತ್ತುಬಿಟ್ಟ. "ಸಾಕವ್ವ ಈ ಊರಿನ ಸಾವಾಸ. ಭೀಮವ್ವನ್ನೂ ಕರಕೊಂಡು ಬಾ. ಮೂಲ್ಯಾಗ ಗಾದಿ ಹಾಕಿಸ್ತೀನಿ. ವಿಭೂತಿ ಹಚ್ಚಿಕೊಂಡು ಕೂಡು, ಕೂತಲ್ಲೆ ತಾಟು ಬರ್ತದ." ಕೊನೆಗೆ ಅಕ್ಕತಮ್ಮಂದಿರ ನಡುವೆ ಒಪ್ಪಂದವಾಯಿತು. ಯುಗಾದಿಯೊಳಗೆ ಕೈಕಾಲು ತಿರುಗಿದರೆ ಸರಿ, ಇಲ್ಲದಿದ್ದರೆ ಖಾನಾವಳಿ ಮುಚ್ಚಿ ರಬಕವಿ. ಅವನ ಪ್ರೀತಿಯಲ್ಲಿ ಕಲ್ಮಶವಿರಲಿಲ್ಲ. ಆದರೆ ಆ ಮೂಲೆಯ ಗಾದಿಯನ್ನು ನೆನೆಸಿದರೆ ಸಾವಂತ್ರವ್ವನಿಗೆ ಜ್ವರಕ್ಕಿಂತ ಹೆಚ್ಚಿನ ಚಳಿ ಬರುತ್ತಿತ್ತು.

ಹಾಗಾಗಿ ಡಾಕ್ಟರರ ಮಾತನ್ನು ನಂಬದೆಯೂ ಪಾಲಿಸತೊಡಗಿದಳು. ಮೊದಲ ತಕರಾರು ಅನ್ನದ್ದೇ. ಊರಿಗೆಲ್ಲ ಉಣಿಸುವ ಹೆಂಗಸು ತಾನು ಉಣ್ಣುತ್ತಿದ್ದದ್ದು ಎಲ್ಲರದೂ ಮುಗಿದ ಮೇಲೆ ತಳಕ್ಕೆ ಅಂಟಿದ ಅನ್ನ, ಉಪ್ಪಿನಕಾಯಿಯ ರಸ, ನೀರಾದ ಸಾರು. ಅದನ್ನೇ ತಿಂದು ಇಷ್ಟು ವರ್ಷ ಬದುಕಿದ್ದೇ ಪವಾಡ ಎಂದಿದ್ದರು ಅಪ್ಪಾಸಾಹೇಬರು. ಮೊಳಕೆ ಕಟ್ಟಿದ ಹೆಸರು, ಮೆಂತ್ಯದ ಪಲ್ಯ, ಶೇಂಗಾ, ಗಟ್ಟಿ ಮೊಸರು, ತವಡು ತೆಗೆಯದ ಅಕ್ಕಿ, ಅದೂ ಹಸಿವಾದ ಹೊತ್ತಿಗೆ ಸರಿಯಾಗಿ, ಬಿಸಿಯಾಗಿ ಉಣ್ಣಬೇಕಂತೆ. ಗಿರಾಕಿಗಳಿಗಿಂತ ಮೊದಲು ಉಣ್ಣುವುದೆಂದರೆ ಅವಳಿಗೆ ಪಾಪ ಮಾಡಿದಷ್ಟು ನಾಚಿಕೆ. ಬಾಗಿಲ ಹಿಂದೆ ತಾಟು ಹಿಡಿದು ನಿಂತು ಕಳ್ಳಬೆಕ್ಕಿನಂತೆ ನುಂಗುತ್ತಿದ್ದಳು.

ಕಚೇರಿಯ ಕಾರಕೂನ ಈರಣ್ಣ ನೀರು ಕೇಳಲು ಒಳಗೆ ಬಂದವನು ಇದನ್ನು ಕಂಡ. ಕಂಡವನು ಸುಮ್ಮನಿರುವ ಪೈಕಿಯಲ್ಲ. ಪಡಸಾಲೆಗೆ ಹೋಗಿ ಎಲ್ಲರಿಗೂ ಕೇಳುವಂತೆ ಸಾರಿದ: "ಕೇಳ್ರಪ್ಪೋ, ಯಾರೂ ತಾಟಿಗೆ ಕೈ ಹಚ್ಚಬ್ಯಾಡ್ರಿ. ಅವ್ವಾರು ಇಲ್ಲಿ ನಮ್ಮ ಮುಂದ ಕೂತು ಉಂಡ ಮ್ಯಾಲೆನ ನಮ್ಮ ಊಟ."

"ಹುಚ್ಚ ಹಿಡದದ ಏನೋ ನಿನಗ?" ಎಂದು ಸಾವಂತ್ರವ್ವ ಒದರಿದಳು.

"ಹೌದ್ರಿ, ಹಸಿವಿಗೆ ಹಿಡದದ. ಲಗೂನ ಉಣ್ರಿ, ಕಚೇರಿಗೆ ತಡಾ ಆಗ್ತದ."

ಅಷ್ಟು ಗಂಡಸರ ಎದುರು ತಲೆ ತಗ್ಗಿಸಿ ಅವಳು ಉಂಡಳು. ಯಾರೋ ಮೊಸರಿನ ಗಡಿಗೆಯನ್ನು ಅವಳತ್ತ ಸರಿಸಿದರು. ಕಣ್ಣೀರು ಉಕ್ಕಿ ಬಂತು. ಮೆಣಸಿನಕಾಯಿ ಖಾರ ಅದ ಎಂದು ಸುಳ್ಳು ಹೇಳಿದಳು. ಅಂದಿನಿಂದ ಅದೇ ರೂಢಿಯಾಯಿತು.

ಎರಡನೆಯ ತಕರಾರು ನಡಿಗೆ. ಪುಣೆಯ ಹಿರಿಯರು ಮುಂಜಾನೆ ಕಿವಿಗೆ ಮಫ್ಲರ್ ಸುತ್ತಿ, ಕೋಲು ಹಿಡಿದು ಪರ್ವತಿ ಗುಡ್ಡ ಹತ್ತಿ ಇಳಿಯುವುದನ್ನು ಅವಳು ಎಷ್ಟೋ ವರ್ಷದಿಂದ ನೋಡಿದ್ದಳು. ಪಾಪ, ಏನೋ ಕಳಕೊಂಡು ಹುಡುಕುತ್ತಾರೆ ಎಂದುಕೊಂಡಿದ್ದಳು. ಈಗ ತಾನೂ ಹಾಗೆ ನಡೆಯಬೇಕಂತೆ. ನೀರು ತರಲು ನಡೆಯಬಹುದು, ದೇವರಿಗೆ ನಡೆಯಬಹುದು, ಸತ್ತವರ ಮನೆಗೆ ನಡೆಯಬಹುದು. ಸುಮ್ಮನೆ ನಡೆಯುವುದು ಹೇಗೆ? ಎದುರಿಗೆ ಬಂದವರು "ಎಲ್ಲಿಗೆ ಹೊಂಟ್ರಿ" ಅಂದರೆ ಹೇಳುವುದೇನು? ಅದಕ್ಕೇ ಮೊದಮೊದಲು ಕೈಯಲ್ಲಿ ಖಾಲಿ ಚೀಲ ಹಿಡಿದು, ಭೀಮವ್ವನ ಹೆಗಲ ಮೇಲೆ ಭಾರ ಹಾಕಿ, ಕಾಯಿಪಲ್ಯದ ಸಂತೆ ಮಂಡಈಗೆ ಹೋಗಿ ಸೊಪ್ಪು ತಂದಳು. ಆಮೇಲೆ ಬೇಡದ ಸೊಪ್ಪನ್ನೂ ತಂದಳು. ಖಾನಾವಳಿಯಲ್ಲಿ ಹುಳಿ ಪುಂಡಿಪಲ್ಯ ತಿಂದು ತಿಂದು ಜನರ ಹಲ್ಲು ಚುಳುಚುಳು ಅಂದವು.

"ವೈನಿ, ನಾಳಿಂದ ಚೀಲ ಬ್ಯಾಡ. ನಿಮ್ಮ ಕಾಲಿನ ಸಲುವಾಗಿ ಮಂದಿ ಹೊಟ್ಟಿ ಕೆಡ್ತದ," ಎಂದಳು ಭೀಮವ್ವ. ಚೀಲ ಮನೆಯಲ್ಲೇ ಉಳಿಯಿತು. ಇಬ್ಬರೂ ಕಾಲುವೆಯ ತನಕ ಹೋದರು, ಆಮೇಲೆ ಗುಡ್ಡದ ಬುಡದ ತನಕ. ಒಂದು ಮುಂಜಾನೆ ಸಾವಂತ್ರವ್ವ ಮೊದಲ ಮೆಟ್ಟಿಲಿಗೆ ಕಾಲಿಟ್ಟಳು, ಬಿದ್ದಳು, ಬಿದ್ದ ಜಾಗದಲ್ಲೇ ಕೂತು ಡಾಕ್ಟರರನ್ನೂ ಪಾಷಾಣವನ್ನೂ ಬೈದಳು. ಭೀಮವ್ವ ಎಬ್ಬಿಸಿದಳು. ಮತ್ತೆ ಹತ್ತಿದಳು. ಪಾದಕ್ಕೆ ಕಲ್ಲು ತಿಳಿಯದಿದ್ದರೂ ಮೊಣಕಾಲಿಗೆ ಹಾದಿ ತಿಳಿಯತೊಡಗಿತು. ಮಧ್ಯಾಹ್ನ ಬೀಸುಕಲ್ಲಿನ ಗೂಟ ಹಿಡಿದು ತಿರುಗಿಸುವಳು, ಗೂಟ ಕೈಜಾರುವುದು, ಮತ್ತೆ ಹಿಡಿಯುವಳು. ಭೀಮವ್ವ ಎದುರಿಗೆ ಕೂತು ತನ್ನ ತಪ್ಪೆಲ್ಲ ಹಿಟ್ಟಾಗಲಿ ಎಂಬಂತೆ ಬೀಸುವಳು.

"ಹಂಗ್ಯಾಕ ಹಲ್ಲು ಕಡೀತಿ? ನಾ ಕಲಿಸಿದ್ದ ನೀ ಮಾಡಿದಿ. ಗುರುವಿಗೆ ಬಿತ್ತು ಏಟು, ಮುಗೀತು," ಎಂದಳು ಒಂದು ದಿನ ಸಾವಂತ್ರವ್ವ. ಭೀಮವ್ವ ಅತ್ತಳು, ಆಮೇಲೆ ನಕ್ಕಳು. ಅಂದು ಹಿಟ್ಟೂ ಸಣ್ಣಗೆ ಬಂತು.

ಸಂಕ್ರಾಂತಿ ಹೋಯಿತು, ಶಿವರಾತ್ರಿ ಹೋಯಿತು. ಸಾವಂತ್ರವ್ವ ಒಬ್ಬಳೇ ಗುಡ್ಡ ಹತ್ತುವಂತಾದಳು. ಮಫ್ಲರಿನ ಹಿರಿಯರು ಅವಳಿಗೆ ನಮಸ್ಕಾರ ಹೇಳತೊಡಗಿದರು. ಹಸಿವು ಚೆನ್ನಾಗಿತ್ತು, ನಿದ್ದೆ ಗಾಢವಾಗಿತ್ತು, ಮನಸ್ಸು ಕೂಡ ಯಾಕೋ ತಿಳಿಯಾಗಿತ್ತು. ಕೈ ಮಾತ್ರ ಕೈಕೊಟ್ಟಿತ್ತು. ಬೆರಳು ಮಡಚುತ್ತಿದ್ದವು, ಹಿಡಿಯುತ್ತಿದ್ದವು, ಆದರೆ ಮುಟ್ಟಿದ್ದೇನೆಂದು ಹೇಳುತ್ತಿರಲಿಲ್ಲ. ಖಾನಾವಳಿಯಲ್ಲಿ ಇನ್ನೂ ಭೀಮವ್ವನ ರೊಟ್ಟಿಯೇ. ಅದನ್ನು ಮುರಿಯುವುದೂ ಒಂದು ವ್ಯಾಯಾಮವೇ ಎಂದು ಈರಣ್ಣ ಗೊಣಗುತ್ತಿದ್ದ.

ಯುಗಾದಿಯ ಹಿಂದಿನ ದಿನ ಅವಳು ಒಲೆ ಮುಂದೆ ಕೂತು ರೊಟ್ಟಿ ಬಡಿದಳು. ಹರಿಯಿತು. ಇನ್ನೊಂದು ಬಡಿದಳು. ಅದೂ ಹರಿಯಿತು. ಎದ್ದು ಕೈ ತೊಳೆದುಕೊಂಡಳು.

ಮರುದಿನ ಬೆಳಕು ಹರಿಯುವಾಗ ಪರ್ವತಿಯ ಮೇಲಿನ ಕಟ್ಟೆಯಲ್ಲಿ ಕೂತು ಪುಣೆಯ ಹೆಂಚುಗಳನ್ನು ನೋಡಿದಳು. ಮನೆಮನೆಯ ಮುಂದೆ ಕೋಲಿಗೆ ಸೀರೆ ಕಟ್ಟಿದ ಹಬ್ಬದ ಗುಡಿಗಳು ಏರುತ್ತಿದ್ದವು. ತಮ್ಮನಿಗೆ ಮಾತು ಕೊಟ್ಟಾಗಿದೆ, ಹೋಗಬೇಕು. ಡಾಕ್ಟರರು ಸುಳ್ಳು ಹೇಳಿರಲಿಲ್ಲ, ಪೂರ್ತಿ ಬರುತ್ತದೆಂದು ಅವರು ಹೇಳಿಯೇ ಇರಲಿಲ್ಲ. ಇಷ್ಟು ನಡೆದದ್ದು, ಎಲ್ಲರೆದುರು ಉಂಡದ್ದು, ಅದೇ ಒಂದು ಹಬ್ಬ ಎಂದುಕೊಂಡಳು. ಆದರೂ ಒಲೆ ಬಿಟ್ಟು ತಾನು ಯಾರು?

ಅಷ್ಟರಲ್ಲಿ ಕೆಳಗೆ ಒಂದು ಕೆಂಪು ರುಮಾಲು ಕಂಡಿತು. ನಾಲ್ಕು ಮೆಟ್ಟಿಲು ಏರುವುದು, ನಿಲ್ಲುವುದು, ಸೊಂಟ ಹಿಡಿಯುವುದು. ಕಾಡಪ್ಪ! ಬೆಳಗಿನ ಗಾಡಿಗೆ ಇಳಿದು, ಮನೆಗೆ ಹೋಗಿ, ಅಲ್ಲಿಂದ ನೆಟ್ಟಗೆ ಇಲ್ಲಿಗೇ ಬಂದಿದ್ದ.

"ಯಕ್ಕಾ..." ಎಂದು ಅವನು ಅರ್ಧ ಗುಡ್ಡದಿಂದ ಕೂಗಿದ. "ಭೀಮವ್ವನ್ನ ಕೇಳಿದೆ, ಯಾರ ಹೆಗಲ ಮ್ಯಾಲೆ ಹೋಗ್ಯಾಳ ಅಂತ. ತನ್ನ ಕಾಲ ಮ್ಯಾಲೆ ಅಂದ್ಲು. ನಂಬಲಿಲ್ಲ ನಾ." ಮತ್ತೆ ಒಂದಿಷ್ಟು ಏರಿ, ಇನ್ನು ಕೆಲವೇ ಮೆಟ್ಟಿಲಿರುವಾಗ, ಕಂಬದಂತೆ ನಿಂತುಬಿಟ್ಟ. "ಆಗೂದಿಲ್ಲ. ನನ್ನ ಹೆಣಾ ಇಲ್ಲಿಂದನ ಒಯ್ರಿ."

ಅಕ್ಕನನ್ನು ಎತ್ತಿಕೊಂಡು ಹೋಗಲು ಬಂದವನ ಅವಸ್ಥೆ ನೋಡಿ ಸಾವಂತ್ರವ್ವನಿಗೆ ನಗು ತಡೆಯಲಾಗಲಿಲ್ಲ. ಸರಸರ ಇಳಿದು ಹೋಗಿ, ಕಾಲೂರಿ ನಿಂತು ಕೈ ಚಾಚಿದಳು. ಅವನು ಹಿಡಿದ. ಎಳೆದಳು, ಒಂದು ಮೆಟ್ಟಿಲು, ಮತ್ತೆ ಎಳೆದಳು.

"ಅಯ್ಯ, ಏನೋ ತಮ್ಮಾ, ಅಂಗೈ ಇಷ್ಟು ತೊಯ್ದದ! ಸೆರಗಿಗೆ ವರಸು, ಜಾರ್ತದ."

ಹೇಳಿದವಳು ಹಾಗೇ ನಿಂತಳು. ಮುಂದಿನ ಮೆಟ್ಟಿಲಿಗೆ ಎತ್ತಿದ ಕಾಲು ಅಲ್ಲೇ ಇಳಿಯಿತು. ತೊಯ್ದದ್ದು ಕಣ್ಣಿಗೆ ಕಂಡದ್ದಲ್ಲ, ಕೈ ಹೇಳಿದ್ದು. ಹೆಬ್ಬೆರಳಿಂದ ಅವನ ಅಂಗೈಯನ್ನು ಮೆಲ್ಲಗೆ ಸವರಿದಳು. ಬೆವರು ತಣ್ಣಗಿತ್ತು. ಅದರ ಕೆಳಗೆ ಚರ್ಮ ಬಿಸಿಯಾಗಿತ್ತು. ಉಂಗುರದ ಅಂಚು ಮಸುಕಾಗಿ, ಎಲ್ಲೋ ದೂರದಿಂದ ಬಂದಂತೆ ಬೆರಳಿಗೆ ತಾಗಿತು.

"ಯಾಕಕ್ಕಾ? ತಲಿ ತಿರಗ್ತದೇನ?" ಕಾಡಪ್ಪ ಗಾಬರಿಯಾದ. "ಟಾಂಗಾ ಕೆಳಗ ನಿಲ್ಲಿಸೀನಿ, ಸ್ಟೇಶನ್ನಿಗೆ ಹೋಗೂದದ ಅಂತ ಹೇಳೀನಿ."

"ನೀ ಒಬ್ಬನ ಹೋಗು," ಎಂದಳು ಸಾವಂತ್ರವ್ವ. ಕಣ್ಣಿಂದ ನೀರು ಹರಿದು ಗದ್ದಕ್ಕೆ ಬಂದಿತ್ತು. "ಉಂಡು ಹೋಗು. ರೊಟ್ಟಿ ನಾನ ಬಡೀತೀನಿ. ಹರಿದಿದ್ರೂ ಬಾಯಿ ಮುಚಗೊಂಡು ತಿನ್ನಬೇಕು."

ಕಾಡಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವನೂ ಅತ್ತ. ಆಮೇಲೆ ಏದುಸಿರು ಬಿಡುತ್ತ ಬೇಡಿಕೊಂಡ: "ಯಕ್ಕಾ, ಈಗರ ಕೈ ಬಿಡವ್ವಾ, ಒಂಚೂರು ಕೂಡ್ತೀನಿ."

ಸಾವಂತ್ರವ್ವ ಬಿಡಲಿಲ್ಲ.